ಸಮುದ್ರದಲ್ಲಿ ಸಾಲು ಹಿಡಿದದ್ದು

ಡೆನ್ಮಾರ್ಕಿಗೆ ಹೋಗಿ ಬಂದೆ ಎಂದರೆ ತಿಪಟೂರಿನಲ್ಲಿ ಜನ ಮೊದಲು ಕೇಳುವುದು ಊಟಕ್ಕೆ ಏನು ಮಾಡಿದಿರಿ ಎಂದು. ಆಮೇಲೆ ಕೇಳುವುದು ಅಲ್ಲಿ ತೆಂಗಿನಕಾಯಿ ಸಿಗುತ್ತದೆಯೇ ಎಂದು. ಎರಡಕ್ಕೂ ಸೇರಿಸಿ ಒಂದೇ ಉತ್ತರ ಕೊಟ್ಟುಬಿಡುತ್ತೇನೆ: ಆಲೂಗೆಡ್ಡೆ ಸಿಗುತ್ತದೆ. ಹೊತ್ತಿಗೊಂದು ಆಲೂಗೆಡ್ಡೆ ತಿಂದು, ಮನೆಯಿಂದ ಕೊಟ್ಟಿದ್ದ ಚಟ್ನಿಪುಡಿಯನ್ನು ಚಿಟಿಕೆ ಲೆಕ್ಕದಲ್ಲಿ ಉದುರಿಸಿಕೊಂಡು ಐದು ದಿನ ಕಳೆದೆವು. ಯಾರೂ ಸಾಯಲಿಲ್ಲ.

ನಾವು ಹೋದದ್ದು ದೇಶ ನೋಡುವುದಕ್ಕಲ್ಲ, ಬಲೆ ಹಾಸುವುದಕ್ಕೆ. ತುರುವೇಕೆರೆ ರಸ್ತೆಯಲ್ಲಿ ನಾನೂ ನನ್ನ ಭಾವಮೈದ ಮರುಳಪ್ಪನೂ ಸೇರಿ ನಡೆಸುವ ಒಂದು ಸಣ್ಣ ನಾರಿನ ಕಾರ್ಖಾನೆ ಇದೆ. ತೆಂಗಿನ ನಾರಿನ ಹಗ್ಗದಿಂದ ಅಗಲವಾದ ಬಲೆ ನೇಯುತ್ತೇವೆ. ಡೆನ್ಮಾರ್ಕಿನ ಪಶ್ಚಿಮದ ಕರಾವಳಿಯಲ್ಲಿ ಮರಳಿನ ದಿಬ್ಬಗಳಿವೆ. ಪ್ರತಿ ಚಳಿಗಾಲದಲ್ಲೂ ಗಾಳಿ ಅವನ್ನು ಹೊತ್ತುಕೊಂಡು ಹೋಗುತ್ತದೆ. ಬಲೆ ಹಾಸಿದರೆ ಮರಳು ನಿಲ್ಲುತ್ತದೆ, ಬಲೆಯ ಕಣ್ಣುಗಳ ನಡುವೆ ಹುಲ್ಲು ಬರುತ್ತದೆ, ಹುಲ್ಲು ಬೇರು ಬಿಟ್ಟ ಮೇಲೆ ಬಲೆ ತಾನಾಗಿ ಮಣ್ಣಾಗುತ್ತದೆ. ಅಲ್ಲಿನ ಒಂದು ಊರಾಡಳಿತ ಪರೀಕ್ಷೆಗೆಂದು ಸ್ವಲ್ಪ ಬಲೆ ತರಿಸಿಕೊಂಡು, ಹಾಸಿ ತೋರಿಸುವವರೂ ಬರಲಿ ಎಂದಿತ್ತು. ಮರುಳಪ್ಪನಿಗೆ ಹಾಸುವುದು ಗೊತ್ತು, ನನಗೆ ಇಂಗ್ಲಿಷ್ ಗೊತ್ತು. ಒಬ್ಬರನ್ನು ಬಿಟ್ಟು ಒಬ್ಬರು ಹೋದರೆ ಕೆಲಸ ಕೆಡುತ್ತಿತ್ತು. ಎರಡು ಸಾವಿರದ ಇಸವಿ ಕಳೆದು ಮೂರೋ ನಾಲ್ಕೋ ವರ್ಷವಾಗಿದ್ದ ಕಾಲ ಅದು.

ಬಂದ ದಿನ: ಬಾಗಿಲು

ಬಸ್ಸಿನಿಂದ ಇಳಿದ ಕೂಡಲೇ ಮರುಳಪ್ಪನ ಮಂಕಿ ಟೋಪಿ ಹಾರಿಹೋಯಿತು. ಅವನು ಅದರ ಹಿಂದೆ ನಾಲ್ಕು ಹೆಜ್ಜೆ ಓಡಿ ನಿಂತ. ಟೋಪಿ ನಿಲ್ಲಲಿಲ್ಲ. ನಮ್ಮ ಕಡೆ ಆಷಾಢದಲ್ಲಿ ಗಾಳಿ ಬೀಸುತ್ತದೆ, ಸೋಗೆ ಮುರಿಯುತ್ತದೆ, ಆದರೆ ನಡುವೆ ಉಸಿರು ತೆಗೆದುಕೊಳ್ಳುತ್ತದೆ. ಆ ಊರಿನ ಗಾಳಿಗೆ ಉಸಿರು ತೆಗೆದುಕೊಳ್ಳುವ ಅಭ್ಯಾಸವೇ ಇಲ್ಲ.

ನಮ್ಮನ್ನು ಇಳಿಸಿದ್ದು ಕಾರೆನ್ ಎಂಬಾಕೆಯ ಮನೆಯಲ್ಲಿ. ಅರವತ್ತು ದಾಟಿದ, ಎತ್ತರದ, ಮಾತು ಕಡಿಮೆಯ ಹೆಂಗಸು. ಗಂಡ ತೀರಿಕೊಂಡ ಮೇಲೆ ಮನೆಯ ನಾಲ್ಕು ಕೋಣೆಗಳನ್ನು ಪ್ರವಾಸಿಗಳಿಗೆ ಬಾಡಿಗೆ ಕೊಟ್ಟು ಬದುಕುತ್ತಿದ್ದರು. ಹೊಸ್ತಿಲಲ್ಲೇ ಅವರು ಹೇಳಿದ ಮೊದಲ ಮಾತು, ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು ತೆಗೆಯಬೇಕು, ಬಿಡಬಾರದು ಎಂದು. ನಾನು ಅದನ್ನು ಕನ್ನಡಕ್ಕೆ ತರುವಷ್ಟರಲ್ಲಿ ಮರುಳಪ್ಪ ಬಿಟ್ಟಾಗಿತ್ತು. ಬಾಗಿಲು ಗೋಡೆಗೆ ಬಡಿದು ಗಾಜು ಚೂರಾಯಿತು. ನಾವಿಬ್ಬರೂ ತಪ್ಪು ಮಾಡಿದ ಶಾಲೆಯ ಹುಡುಗರಂತೆ ನಿಂತೆವು. ಕಾರೆನ್ ಸುತ್ತಿಗೆ, ಮೊಳೆ, ಒಂದು ರಟ್ಟು ತಂದು ಕಿಂಡಿ ಮುಚ್ಚಿ, ಕೈ ಒರೆಸಿಕೊಂಡು ಕಾಫಿ ಕೊಟ್ಟರು. ಬೈದಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಕಾಫಿಯ ಮೇಜಿನ ಮೇಲೆ ಹಗಲು ಹೊತ್ತಿನಲ್ಲೇ ಮೇಣದ ಬತ್ತಿ ಉರಿಯುತ್ತಿತ್ತು. ಮರುಳಪ್ಪ ಮೆಲ್ಲಗೆ ಕೇಳಿದ, "ಕರೆಂಟ್ ಹೋಗೈತಾ ಭಾವ?" ಹೋಗಿರಲಿಲ್ಲ. ಚೆನ್ನಾಗಿ ಕಾಣುತ್ತದೆ ಎಂದು ಹಚ್ಚುತ್ತಾರಂತೆ. ಕರೆಂಟು ಇದ್ದೂ ಮೇಣದ ಬತ್ತಿ ಹಚ್ಚುವ ಜನರನ್ನು ಅವನು ಅವತ್ತೇ ಮೊದಲು ನೋಡಿದ್ದು.

ಸಂಜೆಗೆ ಊರಾಡಳಿತದ ಅಧಿಕಾರಿ ಬಂದು, ಈ ಗಾಳಿಯಲ್ಲಿ ಬಲೆ ಬಿಚ್ಚಿದರೆ ಬಲೆಯ ಜೊತೆ ನಾವೂ ಹಾರುತ್ತೇವೆ, ಗಾಳಿ ಇಳಿಯುವವರೆಗೆ ಕಾಯಿರಿ ಎಂದು ಹೇಳಿ ಹೋದರು. ದಿಬ್ಬಗಳನ್ನು ನೋಡಿಕೊಳ್ಳುವುದೇ ಅವರ ಕೆಲಸ. ಮರುಳಪ್ಪ ಅವರಿಗೆ ಮರಳು ಸಾಹೇಬರು ಎಂದು ಹೆಸರಿಟ್ಟ.

ಎರಡನೆಯ ದಿನ: ಕಿಟಕಿ

ಕಾರೆನ್ ಮನೆಯ ಊಟದ ಕೋಣೆಗೆ ಒಂದು ದೊಡ್ಡ ಕಿಟಕಿ. ಪರದೆಯಿಲ್ಲ, ಸರಳಿಲ್ಲ. ಆಚೆಗೆ ಸಮುದ್ರ, ಅದರಾಚೆಗೆ ಏನೂ ಇಲ್ಲ. ಬೆಳಿಗ್ಗೆ ತಿಂಡಿಯಾದ ಮೇಲೆ ಜರ್ಮನಿಯಿಂದ ಬಂದಿದ್ದ ಗಂಡಹೆಂಡತಿ ಆ ಕಿಟಕಿಯ ಮುಂದೆ ಕುಳಿತರು. ನಾವು ಹೊರಗೆ ಒಂದು ಸುತ್ತು ಹೋಗಿ ಬಂದಾಗಲೂ ಕುಳಿತೇ ಇದ್ದರು. ಮಾತಿಲ್ಲ, ಪತ್ರಿಕೆಯಿಲ್ಲ. ಇವರು ಏನು ನೋಡುತ್ತಿದ್ದಾರೆ ಎಂದು ಮರುಳಪ್ಪ ತಾನೂ ಅವರ ಹಿಂದೆ ನಿಂತು ನೋಡಿದ. ದೋಣಿಯಾದರೂ ಬರುತ್ತದೆಯೇನೋ ಎಂದು ಕಾದ. ಬರಲಿಲ್ಲ. ಜನ ತನ್ನ ಮನೆಗೆ ಬರುವುದು ಆ ಏನೂ ಇಲ್ಲದ್ದನ್ನು ನೋಡುವುದಕ್ಕೇ ಎಂದು ಕಾರೆನ್ ನನಗೆ ತಿಳಿಸಿ ಹೇಳಿದರು. ಮತ್ತು ಅದಕ್ಕೇ ಈಗ ಕುತ್ತು ಬಂದಿತ್ತು.

ಆ ಕಿಟಕಿಯ ಎದುರಿಗೆ, ಸಮುದ್ರದೊಳಗೆ, ಕರೆಂಟು ತೆಗೆಯುವ ಫ್ಯಾನಿನ ನಲವತ್ತು ಗಾಳಿಕಂಬ ನಿಲ್ಲಿಸುವ ಯೋಜನೆ ತಯಾರಾಗಿತ್ತು. ದಡಕ್ಕೆ ಹತ್ತಿರ ನಿಲ್ಲಿಸಿದರೆ ಖರ್ಚು ಕಡಿಮೆ, ಆದರೆ ಕಣ್ಣಿಗೆ ರಾಚುತ್ತವೆ. ದಿಗಂತದಾಚೆ ನಿಲ್ಲಿಸಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಅಲ್ಲಿ ನೀರು ಆಳ, ತಂತಿ ಉದ್ದ, ಹೆಚ್ಚಿನ ಖರ್ಚು ಎಲ್ಲರ ಕರೆಂಟ್ ಬಿಲ್ಲಿಗೆ ಬರುತ್ತದೆ. ಊರು ಎರಡು ಪಾಲಾಗಿತ್ತು. ಬೇಕು ಎನ್ನುವವರ ಬೇಲಿಗೆ ಒಂದು ಬಣ್ಣದ ಹಲಗೆ, ಬೇಡ ಎನ್ನುವವರ ಬೇಲಿಗೆ ಇನ್ನೊಂದು. ಹತ್ತಿರದ ಯೋಜನೆ ಗೆದ್ದರೆ ಮನೆ ಮಾರಿ ಊರು ಬಿಡುವುದೇ ಎಂದು ಕಾರೆನ್ ತೀರ್ಮಾನಿಸಿದ್ದರು. ಅದನ್ನು ಬೆಳಗಿನ ಹಾಲು ಬಂದಿಲ್ಲ ಎನ್ನುವ ದನಿಯಲ್ಲಿ ಹೇಳಿದರು.

ನಮ್ಮ ಕಡೆಯೂ ಚಿಕ್ಕನಾಯಕನಹಳ್ಳಿ ಆಚೆಯ ಗುಡ್ಡಗಳ ಮೇಲೆ ಫ್ಯಾನು ನಿಲ್ಲಿಸುತ್ತಾರಂತೆ ಎಂದು ಆಗ ಸುದ್ದಿ. ಯಾರೋ ಜೀಪಿನಲ್ಲಿ ಬಂದು ಗಾಳಿ ಅಳೆದುಕೊಂಡು ಹೋಗಿದ್ದರು. ನಾವು ಕೇಳಿದ್ದು ಒಂದೇ, ಮೂರು ಫೇಸ್ ಕರೆಂಟು ಜಾಸ್ತಿ ಹೊತ್ತು ಬರುತ್ತದೆಯೇ ಎಂದು. ಕಂಬ ನೋಡಲು ಹೇಗಿರುತ್ತದೆ ಎಂದು ಕೇಳಬೇಕೆಂದು ಒಬ್ಬರಿಗೂ ಹೊಳೆದಿರಲಿಲ್ಲ. ಇದನ್ನು ಹೇಳಿದಾಗ ಕಾರೆನ್, ನಿಮ್ಮ ಊರಿನಲ್ಲಿ ಗುಡ್ಡವನ್ನು ಯಾರೂ ನೋಡುವುದಿಲ್ಲವೇ ಎಂದು ಕೇಳಿದರು. ನೋಡುತ್ತೇವೆ, ಮಳೆ ಆ ಕಡೆಯಿಂದ ಬರುತ್ತಿದೆಯೋ ಇಲ್ಲವೋ ತಿಳಿಯುವುದಕ್ಕೆ ಎಂದೆ. ಅವರು ನಕ್ಕರು. ನನಗೆ ಸ್ವಲ್ಪ ಮುಜುಗರವಾಯಿತು.

ಮಧ್ಯಾಹ್ನ ಬಂದರಿನ ಕಡೆ ನಡೆದೆವು. ಊರು ಬಿಲ್ಲಿನ ಹಾಗೆ ಬಾಗಿದ ಕೊಲ್ಲಿಯ ಉದ್ದಕ್ಕೂ ಇದೆ. ಬಡಗಣ ತುದಿಯಲ್ಲಿ ಕಾರೆನ್ ಮನೆ, ತೆಂಕಣ ತುದಿಯಲ್ಲಿ ಬಂದರು. ಬಂದರಿನಲ್ಲಿ ಎರಡೇ ಎರಡು ದೋಣಿ. ಅಲ್ಲಿ ಮೀನಿನ ಬಲೆಯ ತುಂಡೊಂದನ್ನು ಸರಿಮಾಡುತ್ತಿದ್ದ ಮುದುಕರೊಬ್ಬರು ನಮ್ಮನ್ನು ಕಂಡು, ಬಾಗಿಲ ಗಾಜು ಒಡೆದವರು ನೀವೇ ಅಲ್ಲವೇ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅವರೇ ನೀಲ್ಸ್, ಕಾರೆನ್ನರ ಒಡಹುಟ್ಟಿದ ತಮ್ಮ. ನಲವತ್ತು ವರ್ಷ ಮೀನು ಹಿಡಿದು ಈಗ ಸುಮ್ಮನಿದ್ದರು. ಅವರ ಮನೆಯ ಬೇಲಿಗೆ ಬೇಕು ಎನ್ನುವ ಬಣ್ಣದ ಹಲಗೆ. ಕಂಬ ಹತ್ತಿರ ಬಂದರೆ ಅವನ್ನು ನೋಡಿಕೊಳ್ಳುವ ದೋಣಿಗಳು ಈ ಬಂದರಿಗೆ ಬರುತ್ತವೆ, ಮೆಕ್ಯಾನಿಕ್ಕುಗಳು ಇಲ್ಲಿ ಮನೆ ಮಾಡುತ್ತಾರೆ, ಶಾಲೆ ಮುಚ್ಚುವುದಿಲ್ಲ. ದೂರ ಹೋದರೆ ಎಲ್ಲವೂ ದೊಡ್ಡ ಪಟ್ಟಣದ ಪಾಲು. ಇದು ಅವರ ವಾದ. ಯೋಜನೆ ಬಂದಂದಿನಿಂದ, ಅಂದರೆ ಒಂದೂವರೆ ವರ್ಷದಿಂದ, ಅಕ್ಕ ತಮ್ಮನ ನಡುವೆ ಮಾತಿರಲಿಲ್ಲ.

ಹೊರಡುವಾಗ ನೀಲ್ಸ್ ಕೇಳಿದ್ದು, ರಟ್ಟು ಮಳೆಗೆ ನೆನೆಯುವುದಿಲ್ಲವೇ, ಗಾಜಿನವನಿಗೆ ಹೇಳಿ ಕಳಿಸಿದ್ದಾಳೆಯೇ ಎಂದು.

ದಾರಿಯಲ್ಲಿ ಮರುಳಪ್ಪ ಹೇಳಿದ, "ಮಾತು ಬುಟ್ಟವ್ರೆ ಅಷ್ಟೆ ಕಣ್ ಭಾವ, ಒಬ್ರ ಮೇಲೊಬ್ರಿಗೆ ಕಣ್ಣೈತೆ."

ಮೂರನೆಯ ದಿನ: ಬೆಣ್ಣೆ

ನಮ್ಮ ಸೀಮೆಯವರಿಗೆ ಒಂದು ಚಾಳಿ ಇದೆ. ಯಾರ ತೋಟಕ್ಕೆ ಹೋದರೂ ಮೊದಲು ಮೂಲೆಯ ಮರದ ಬುಡದಲ್ಲಿ ನಿಂತು ಒಂದು ಕಣ್ಣು ಮುಚ್ಚಿ ನೋಡುತ್ತೇವೆ. ಸಸಿ ನೆಡುವಾಗ ಹಗ್ಗ ಎಳೆದು, ಗೂಟ ಹೊಡೆದು ಸಾಲು ಹಿಡಿದವನು ಕೈಚಳಕದವನಾದರೆ, ಮುಂದಿನ ಮರದ ಹಿಂದೆ ಇಡೀ ಸಾಲು ಅಡಗಿ ಒಂದೇ ಮರ ಕಾಣುತ್ತದೆ. ಒಂದು ಬುಡ ಆಚೆ ಇಣುಕಿದರೂ ಮುಗಿಯಿತು, ತೋಟದ ಯಜಮಾನನನ್ನು ಆಡಿಕೊಳ್ಳಲು ಅಷ್ಟು ಸಾಕು. ಮರುಳಪ್ಪನ ಕೆಂಕೆರೆ ತೋಟದಲ್ಲಿ ಹಾಗೆ ಇಣುಕುವ ಒಂದು ಮರವಿದೆ. ಅದಕ್ಕೆ ನಾನು ಇಟ್ಟಿರುವ ಹೆಸರನ್ನು ಇಲ್ಲಿ ಬರೆಯುವಂತಿಲ್ಲ.

ಅವತ್ತು ಬೆಳಿಗ್ಗೆ ಕಾರೆನ್ ಯೋಜನೆಯ ನಕ್ಷೆ ತಂದು ಮೇಜಿನ ಮೇಲೆ ಹಾಸಿದರು. ಐದು ಸಾಲು, ಸಾಲಿಗೆ ಎಂಟು ಕಂಬ. ಸಾಲುಗಳು ಅವರ ಮನೆಗೆ ಅಡ್ಡಡ್ಡವಾಗಿದ್ದವು. ಕಿಟಕಿಯಿಂದ ನೋಡಿದರೆ ನಲವತ್ತೂ ಬಿಡಿಬಿಡಿಯಾಗಿ ಹರಡಿಕೊಳ್ಳುತ್ತಿದ್ದವು. ನನಗೆ ಕೈ ಸುಮ್ಮನಿರಲಿಲ್ಲ. ಸಾಲು ಹಿಡಿದವನು ಕೆಲಸ ಬಾರದವನು, ಸ್ವಲ್ಪ ತಿರುಗಿಸಿದ್ದರೆ ಆಗುತ್ತಿತ್ತಲ್ಲ ಎಂದೆ. ಕಾರೆನ್‌ಗೆ ಅರ್ಥವಾಗಲಿಲ್ಲ. ಮೇಜಿನ ಮೇಲೆ ಹೆಂಚಿನಷ್ಟು ದೊಡ್ಡ ಬೆಣ್ಣೆಯ ಗಟ್ಟಿ ಇತ್ತು. ಅದರಲ್ಲಿ ನಲವತ್ತು ಬೆಂಕಿಕಡ್ಡಿ ನೆಟ್ಟೆ. ಮರುಳಪ್ಪ ಎದುರಿಗೆ ಕುಳಿತು ಎಡಕ್ಕೆ, ಬಲಕ್ಕೆ, ಹಾಂ ಎಂದು ಸಾಲು ಹಿಡಿಸಿದ. ತಟ್ಟೆಯನ್ನು ತಿರುಗಿಸಿ ಸಾಲಿನ ತಲೆಯನ್ನು ಕಾರೆನ್ ಕಡೆ ಇಟ್ಟು, ಗಲ್ಲ ಮೇಜಿಗೆ ಊರಿ ಒಂದು ಕಣ್ಣು ಮುಚ್ಚಿ ನೋಡಿ ಎಂದೆ.

ಆ ಎತ್ತರದ ಹೆಂಗಸು ಬಗ್ಗಿ ನೋಡಿದರು. ನಡುವಿನ ಸಾಲು ಒಂದೇ ಕಡ್ಡಿಯಾಗಿತ್ತು, ಅಕ್ಕಪಕ್ಕದವು ಸಣ್ಣ ಗೊಂಚಲಾಗಿದ್ದವು. ಎರಡು ಬದಿಗೂ ಬೆಣ್ಣೆಯ ಆಚೆ ಮೇಜು ಖಾಲಿಯಿತ್ತು. ಅವರು ತುಂಬ ಹೊತ್ತು ಹಾಗೇ ಬಗ್ಗಿದ್ದರು. ಎದ್ದಾಗ ಗಲ್ಲಕ್ಕೆ ರೊಟ್ಟಿಯ ಚೂರು ಅಂಟಿತ್ತು, ಮುಖ ಬೇರೆಯೇ ಆಗಿತ್ತು. ನಾವು ಬಂದ ಮೇಲೆ ಅವರು ಖುಷಿಯಾಗಿದ್ದನ್ನು ಕಂಡದ್ದು ಅದೇ ಮೊದಲು. ನನಗೂ ಜಂಬ ಬಂತು. ಒಡೆದ ಗಾಜಿನ ಋಣ ತೀರಿತು ಅಂದುಕೊಂಡೆ.

ಮಧ್ಯಾಹ್ನವೆಲ್ಲ ಹಿತ್ತಲಿನಿಂದ ಮೊಳೆ ಹೊಡೆಯುವ ಸದ್ದು ಬರುತ್ತಿತ್ತು. ಬೆಣ್ಣೆಯನ್ನು ಊರ ಸಭೆಗೆ ಒಯ್ಯಲಾಗದು ಎಂದು ಕಾರೆನ್ ಒಂದು ಹಲಗೆಗೆ ನಲವತ್ತು ಮೊಳೆ ಹೊಡೆದಿದ್ದರು. ಸಾಲಿನಲ್ಲಿ ಮರುಳಪ್ಪನಿಗೂ ತಪ್ಪು ಸಿಗಲಿಲ್ಲ.

ನಾಲ್ಕನೆಯ ದಿನ: ಸಭೆ

ಸಭೆ ಸೇರಿದ್ದು ಊರ ನಡುವಿನ ಚರ್ಚಿನ ಪಕ್ಕದ ಹಾಲಿನಲ್ಲಿ. ನಮ್ಮ ಗ್ರಾಮಸಭೆ ನೋಡಿದವರಿಗೆ ಅದು ಸಭೆ ಅನ್ನಿಸುವುದೇ ಇಲ್ಲ. ಎಲ್ಲರಿಗೂ ಕಾಫಿ, ಕೇಕು. ಒಬ್ಬರು ಮಾತಾಡುವಾಗ ಉಳಿದವರು ಬಾಯಿ ಬಿಡುವುದಿಲ್ಲ. ಸಿಟ್ಟು ಬಂದವರು ಇನ್ನೂ ಮೆಲ್ಲಗೆ ಮಾತಾಡುತ್ತಾರೆ. ಮರಳು ಸಾಹೇಬರು ನಮ್ಮಿಬ್ಬರ ನಡುವೆ ಕುಳಿತು ಆಗಿಂದಾಗ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು.

ಬೇಡದವರು ಸಮುದ್ರದ ಅಂದ ಕೆಡುತ್ತದೆ ಎಂದರು. ಬೇಕಾದವರು ಹೊಗೆಯ ಚಿಮಣಿಗೆ ಯಾವ ಅಂದವಿದೆ ಎಂದರು. ದೂರ ನಿಲ್ಲಿಸಿ ಎಂದವರಿಗೆ, ಹೆಚ್ಚಿನ ಬಿಲ್ಲನ್ನು ನೀವೊಬ್ಬರೇ ಕಟ್ಟುತ್ತೀರಾ ಎಂದು ಒಬ್ಬ ಹೆಂಗಸು ಕೇಳಿದರು. ಎರಡು ಕಡೆಯವರದೂ ಸರಿಯೆಂದೇ ನನಗೆ ಕಂಡಿತು. ಕೊಬ್ಬರಿ ವ್ಯಾಪಾರದಲ್ಲಿ ಬೆಳೆದವನಿಗೆ ಹಾಗೆ ಅನ್ನಿಸುವುದು ಒಳ್ಳೆಯ ಲಕ್ಷಣವಲ್ಲ.

ಕೊನೆಗೆ ಕಾರೆನ್ ಎದ್ದು ಹಲಗೆಯನ್ನು ಯೋಜನೆಯ ಕಡೆಯಿಂದ ಬಂದಿದ್ದ ಎಂಜಿನಿಯರನ ಮೇಜಿನ ಮೇಲಿಟ್ಟರು. ಇದು ಭಾರತದ ತೆಂಗಿನ ತೋಟದವರ ಲೆಕ್ಕ ಎಂದು ನಮ್ಮ ಕಡೆ ಕೈ ತೋರಿಸಿದರು. ಎಲ್ಲರೂ ತಿರುಗಿ ನೋಡಿದಾಗ ಮರುಳಪ್ಪ ಎದ್ದು ಕೈಮುಗಿದುಬಿಟ್ಟ. ಎಂಜಿನಿಯರು ಬಗ್ಗಿ ನೋಡಿದ, ನಕ್ಷೆ ನೋಡಿದ, ಮತ್ತೆ ಬಗ್ಗಿದ. ಸಾಲು ಹಾಕುವುದು ಗಾಳಿಯ ದಿಕ್ಕು ನೋಡಿ, ಮುಂದಿನ ಕಂಬ ಹಿಂದಿನದರ ಗಾಳಿ ಕದಿಯಬಾರದು ಎಂದು ವಿವರಿಸಿದ. ಬಿಸಿಲಿಗೆಂದು ನಾವು ತೋಟದಲ್ಲಿ ಮರಕ್ಕೂ ಮರಕ್ಕೂ ಜಾಗ ಬಿಡುವುದೂ ಇಂಥದ್ದೇ ಲೆಕ್ಕ. ತಿರುಗಿಸಿದರೆ ಸ್ವಲ್ಪ ನಷ್ಟ, ಆದರೆ ದೂರ ಒಯ್ಯುವ ಖರ್ಚಿನ ಮುಂದೆ ಅದು ಏನೂ ಅಲ್ಲ, ಆಗಬಹುದು ಎಂದ. ಹಾಲಿನಲ್ಲಿ ಚಪ್ಪಾಳೆ ಬಿತ್ತು. ಒಂದೂವರೆ ವರ್ಷದ ಜಗಳ ಮೊಳೆಯ ಹಲಗೆಯಲ್ಲಿ ಮುಗಿಯಿತು ಅನ್ನಿಸಿತು.

ಆಗ ಹಿಂದಿನ ಬೆಂಚಿನಿಂದ ನೀಲ್ಸ್ ಎದ್ದು ಬಂದರು. ನನ್ನ ಮನೆ ಎಲ್ಲಿ ಬರುತ್ತದೆ ಎಂದು ಕೇಳಿದರು. ಎಂಜಿನಿಯರು ಮೇಜಿನ ಇನ್ನೊಂದು ಮೂಲೆ ತೋರಿಸಿದ. ನೀಲ್ಸ್ ಅಲ್ಲಿ ಮಂಡಿಯೂರಿ ಒಂದು ಕಣ್ಣು ಮುಚ್ಚಿದರು. ನಾನೂ ಅವರ ಹಿಂದೆ ಹೋಗಿ ಬಗ್ಗಿದೆ, ಬಗ್ಗಿದ ಕೂಡಲೇ ನನ್ನ ತಪ್ಪು ಕಂಡಿತು. ಆ ಮೂಲೆಯಿಂದ ನಲವತ್ತು ಮೊಳೆಯೂ ಒಂದರ ಪಕ್ಕ ಒಂದು ಬೇಲಿ ಕಟ್ಟಿದಂತೆ ನಿಂತಿದ್ದವು. ಸಮುದ್ರಕ್ಕೆ ಸಂದಿಯೇ ಇರಲಿಲ್ಲ.

ತೋಟಕ್ಕೆ ಯಜಮಾನ ಒಬ್ಬನೇ. ಅವನು ನಿಲ್ಲುವುದು ಒಂದೇ ಮೂಲೆ. ಬೇಲಿಯಾಚೆಯ ಹೊಲದವನಿಗೆ ನಮ್ಮ ಸಾಲು ಹೇಗೆ ಕಾಣುತ್ತದೆ ಎಂದು ನಮ್ಮಪ್ಪನೂ ನೋಡಿದವನಲ್ಲ, ನಾನೂ ನೋಡಿದವನಲ್ಲ. ಅದೇ ಕಣ್ಣನ್ನು ನಾನು ಎರಡು ತುದಿಯಿರುವ ಊರಿಗೆ ಹೊತ್ತು ತಂದಿದ್ದೆ.

ನೀಲ್ಸ್ ಮೊಣಕಾಲು ಹಿಡಿದುಕೊಂಡು ಎದ್ದರು. ಅಕ್ಕನ ಮುಖ ನೋಡಲಿಲ್ಲ, ಎಂಜಿನಿಯರಿಗೆ ಹೇಳಿದರು. ಮರಳು ಸಾಹೇಬರು ಅದನ್ನು ನಮಗೆ ಇಂಗ್ಲಿಷಿಗೆ ತಿರುಗಿಸಿದರು.

"ಬೇಕು ಎಂದವನು ನಾನು. ನೋಡುವ ಪಾಲೂ ನನಗೇ ಇರಲಿ. ಹಾಗೇ ಬರೆದುಕೊಳ್ಳಿ."

ಒಪ್ಪಿದಿರಾ ಎಂದು ಸಭೆಯ ಅಧ್ಯಕ್ಷರು ಕಾರೆನ್ನರನ್ನು ಕೇಳಿದರು. ಆಕೆ ಹಲಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟುಬಿಟ್ಟರು.

ಅವತ್ತು ರಾತ್ರಿ ಕಾರೆನ್ ಮೇಣದ ಬತ್ತಿ ಹಚ್ಚಲಿಲ್ಲ. ಗೆದ್ದವರ ಮನೆ ಅಷ್ಟು ಸಪ್ಪಗಿದ್ದದ್ದನ್ನು ನಾನು ಕಂಡಿರಲಿಲ್ಲ. ನಾವು ಕೋಣೆ ಸೇರಿದ ಮೇಲೆ ಮರುಳಪ್ಪ ಹೇಳಿದ, "ಗಾಜು ಒಡ್ದಿದ್ದು ನಾನು, ಒಪ್ಕತೀನಿ. ಇದು ನಿಂದು ಕಣ್ ಭಾವ." ಹೌದು ಎಂದೆ.

ಗಾಳಿ ಇಳಿದ ದಿನ

ಬೆಳಿಗ್ಗೆ ಎದ್ದಾಗ ಏನೋ ಕಳೆದುಹೋದ ಹಾಗಿತ್ತು. ಗಾಳಿ ನಿಂತಿತ್ತು. ಮರಳು ಸಾಹೇಬರು ಆಳುಗಳನ್ನು ಕರೆದುಕೊಂಡು ಬಂದರು. ಬಲೆಯ ಕಟ್ಟು ಬಿಚ್ಚಿದಾಗ ನಾರಿನ ವಾಸನೆಗೆ ಆ ದಿಬ್ಬದ ಮೇಲೆ ಒಂದು ಗಳಿಗೆ ನಮ್ಮ ಊರ ಕಡೆಯ ಮಾಯಸಂದ್ರವೇ ಬಂದು ನಿಂತಿತು. ಮರುಳಪ್ಪ ಒಂದು ಅಕ್ಷರ ಇಂಗ್ಲಿಷಿಲ್ಲದೆ ಎಂಟು ಜನರಿಂದ ಕೆಲಸ ಮಾಡಿಸಿದ. "ಎಳಿ, ಎಳಿ, ಬುಡು" ಎಂಬ ಮೂರು ಮಾತು ಅವರೂ ಕಲಿತರು. ಊಟದ ಹೊತ್ತಿಗೆ ದಿಬ್ಬಕ್ಕೆಲ್ಲ ಬಲೆ ಹೊದಿಸಿ ಆಗಿತ್ತು.

ಮಧ್ಯಾಹ್ನದ ಬಸ್ಸಿಗೆ ನಾವು ಹೊರಡಬೇಕು. ಬಸ್ಸು ನಿಲ್ಲುವುದು ಬಂದರಿನ ಹತ್ತಿರ. ಕಾರೆನ್ ನಮ್ಮ ಜೊತೆ ಬರುತ್ತೇನೆಂದು ಹೊರಟರು. ಕಂಕುಳಲ್ಲಿ ಹಲಗೆ ಇತ್ತು. ಅವರು ಬಸ್ಸಿನ ಕಡೆ ತಿರುಗಲಿಲ್ಲ, ನೆಟ್ಟಗೆ ನೀಲ್ಸ್ ಮನೆಯ ಬಾಗಿಲು ತಟ್ಟಿದರು. ನಮಗೂ ಒಳಗೆ ಬನ್ನಿ ಎಂದು ಸನ್ನೆ ಮಾಡಿದರು. ಸಾಲಿನ ಕೆಲಸಕ್ಕೆ ನಾವು ಬೇಕಿತ್ತು.

ನೀಲ್ಸ್ ಮನೆಗೂ ಒಂದು ಕಿಟಕಿ ಇತ್ತು, ಸಣ್ಣದು. ಕಾರೆನ್ ಮೊದಲು ಅದರ ಮುಂದೆ ನಿಂತು ಹೊರಗೆ ನೋಡಿದರು. ಬಾಡಿಗೆಗೆ ಬಂದವರು ಮೂರು ಗಂಟೆ ಕೂತು ನೋಡುವ ಸಮುದ್ರವೇ ಅಲ್ಲೂ ಇತ್ತು, ಅದನ್ನು ನೋಡಲು ಅಲ್ಲಿ ಒಂದು ಹಳೆಯ ಕುರ್ಚಿ ಇತ್ತು. ಕಾರೆನ್ ತಿರುಗಿ ಬಂದು ಹಲಗೆಯನ್ನು ಮೇಜಿನ ಮೇಲೆ ಇಟ್ಟು, ಒಂದು ತುದಿಯಲ್ಲಿ ತಾವು ಕುಳಿತು, ಇನ್ನೊಂದು ತುದಿಯಲ್ಲಿ ತಮ್ಮನನ್ನು ಕೂರಿಸಿದರು. ಹಲಗೆಯನ್ನು ಒಂದಿಷ್ಟು ತಿರುಗಿಸಿ ಸಾಲಿನ ತಲೆಯನ್ನು ಆತನ ಕಡೆಗೆ ತಂದರು. ಆತ ಬೇಡವೆಂದು ತಲೆಯಾಡಿಸಿ ಹಿಂದಕ್ಕೆ ತಳ್ಳಿದರು. ಆಕೆ ಮತ್ತೆ ತಿರುಗಿಸಿದರು.

ಅಣ್ಣತಮ್ಮಂದಿರು, ಅಕ್ಕತಂಗಿಯರು ಪಾಲಿಗೆ ಕೂತದ್ದನ್ನು ನಮ್ಮಲ್ಲಿ ಬೇಕಾದಷ್ಟು ಕಂಡಿದ್ದೇನೆ. ಎರಡು ಮರ ಹೆಚ್ಚು ಬರಲಿ ಎಂದು ವರ್ಷಗಟ್ಟಲೆ ಕೋರ್ಟಿಗೆ ಅಲೆದವರು ನಮ್ಮ ಮನೆತನದಲ್ಲೇ ಇದ್ದಾರೆ. ಇಲ್ಲಿ ಇಬ್ಬರು ಮುದುಕರು ಯಾರಿಗೂ ಬೇಡದ್ದನ್ನು ತನಗಿರಲಿ, ತನಗಿರಲಿ ಎಂದು ಎಳೆದಾಡುತ್ತಿದ್ದರು. ನನ್ನ ಕಣ್ಣು ತುಂಬಿತು.

ಮರುಳಪ್ಪನೇ ಹೋಗಿ ಹಲಗೆಯ ಮೇಲೆ ಕೈಯಿಟ್ಟ. ಇಬ್ಬರ ಕಡೆಯೂ ಬಗ್ಗಿ ನೋಡಿ, ಒಂದು ಬೆರಳಿನಷ್ಟು ಜರುಗಿಸಿ, ಸಾಲಿನ ತಲೆಯನ್ನು ನಟ್ಟನಡುವಿಗೆ ತಂದು ಬಿಟ್ಟ. ಈಗ ಇಬ್ಬರಿಗೂ ಒಂದೇ ಸಮ ಕಾಣುತ್ತಿತ್ತು. ಪೂರ್ತಿ ಬೇಲಿಯೂ ಅಲ್ಲ, ಪೂರ್ತಿ ಬಯಲೂ ಅಲ್ಲ. ಈಗಲೂ ನಿಮ್ಮ ಮನೆ ಮಾರುತ್ತೀರಾ ಎಂದು ನಾನು ಕಾರೆನ್ನರನ್ನು ಕೇಳಿದೆ. ಇಷ್ಟನ್ನು ನೋಡಿಕೊಂಡು ಇರಬಹುದು ಎಂದರು.

"ಹಂಗಾರೆ ಸಾಲು ನೆಟ್ಟಗೆ ಕಾಣೋದು ಯಾರಿಗೆ ಕೇಳಿ ಭಾವ," ಎಂದ ಮರುಳಪ್ಪ.

ಕೇಳಿದೆ. ಕಾರೆನ್ ನಕ್ಷೆ ಬಿಚ್ಚಿ, ಸಾಲುಗಳು ತೋರಿಸುವ ಜಾಗಕ್ಕೆ ಬೆರಳು ಎಳೆದು ತಂದರು. ಬೆರಳು ಬಂದು ನಿಂತದ್ದು ಚರ್ಚಿನ ಪಕ್ಕದ ಸ್ಮಶಾನದ ಮೇಲೆ. ಅಕ್ಕ ತಮ್ಮ ಇಬ್ಬರೂ ಆ ಬೆರಳನ್ನೇ ನೋಡುತ್ತಿದ್ದರು. ಅವರಪ್ಪನೂ ಮೀನುಗಾರನಂತೆ, ಅಮ್ಮನ ಪಕ್ಕದಲ್ಲೇ ಅಲ್ಲಿ ಮಲಗಿದ್ದಾನೆ. ಇದನ್ನು ನಮಗೆ ಹೇಳಿದವರು ನೀಲ್ಸ್. ಆಮೇಲೆ ಅವರು ಅಕ್ಕನ ಕಡೆ ತಿರುಗಿ, ನಮಗೂ ತಿಳಿಯಲಿ ಎಂದು ಇಂಗ್ಲಿಷಿನಲ್ಲೇ ಹೇಳಿದರು, "ಅಪ್ಪನಿಗೆ ಸಮುದ್ರ ಕಾಣುತ್ತದೆ."

"ಕಾಣಲಿ," ಎಂದರು ಕಾರೆನ್.

ಬಸ್ಸಿನ ಹೊತ್ತಾಗಿತ್ತು. ನಾವು ಹೇಳದೆಯೇ ಎದ್ದು, ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಮುಚ್ಚಿಕೊಂಡು ಹೊರಗೆ ಬಂದೆವು. ಅವರಿಬ್ಬರೂ ಒಬ್ಬರಾದ ಮೇಲೊಬ್ಬರು ತಮ್ಮ ಭಾಷೆಯಲ್ಲಿ ಮಾತಾಡತೊಡಗಿದ್ದರು. ಒಂದೂವರೆ ವರ್ಷದ್ದು ಬಾಕಿಯಿತ್ತು, ನಮ್ಮ ಕಡೆ ತಿರುಗಿಯೂ ನೋಡಲಿಲ್ಲ.